‘ನನಗೇನೂ ತೊಂದರೆ ಇಲ್ಲ, ಆದರೂ ಹೋಗಬೇಕೆ?’

ಕಳೆದ ಸಂಚಿಕೆಯ ಸಮಸ್ಯೆ: ಗಂಡನಿಗೆ ಉರಿಮೂತ್ರ, ಜೊತೆಗೆ ಕೀವು. ಲ್ಯಾಬ್ ಚೀಟಿಯಲ್ಲಿ ಗೊನೊರಿಯಾ (ಲೈಂಗಿಕ ಸಂಪರ್ಕದಿಂದ ಹರಡುವ ರೋಗ) ಎಂದಿದೆ. ಮೆಡಿಕಲ್ ಶಾಪ್ ಮಾತ್ರೆ ನುಂಗಿ ವಾಸಿಯಾಯಿತು ಎನ್ನುತ್ತಾರೆ. ಲಾಡ್ಜ್ ಟಾಯ್ಲೆಟ್‌ನಿಂದ ಬಂತಂತೆ. ನಾನು ಐದು ತಿಂಗಳ ಬಸುರಿ. ನನಗೇನೂ ತೊಂದರೆ ಇಲ್ಲ. ಡಾಕ್ಟರ್ ಹತ್ತಿರ ಹೋಗಬೇಕೆ?

ತಂಗಿ, ನಾಳೆ ಬೆಳಿಗ್ಗೆಯೇ ಹೋಗಮ್ಮ. ಗಂಡಸರಿಗೆ ಸಾಮಾನ್ಯವಾಗಿ ಎರಡರಿಂದ ಐದು ದಿನದಲ್ಲೇ ಉರಿ, ಕೀವು ಶುರುವಾಗುತ್ತದೆ. ಹೆಂಗಸರಲ್ಲಿ ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಬಿಳಿಸೆರಗು ಜಾಸ್ತಿಯಾದರೂ ಬಸಿರಲ್ಲಿ ಇದೆಲ್ಲ ಮಾಮೂಲು ಅಂದುಕೊಂಡು ಸುಮ್ಮನಾಗುತ್ತೇವೆ. ಬಸುರಿಯರಿಗೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ತಾವಾಗಿಯೇ ಮಾಡುತ್ತಾರೆ. ಗೊನೊರಿಯಾ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತಾಯಿ ಕಾರ್ಡಿನಲ್ಲಿ ಎಲ್ಲ ನಾರ್ಮಲ್ ಅಂತ ಇದ್ದರೂ ಅದನ್ನು ನಂಬಿ ಕೂರಬೇಡ. ಹೆರಿಗೆಯ ಹೊತ್ತಿನಲ್ಲಿ ಇದು ಮಗುವಿನ ಕಣ್ಣಿಗೆ ತಗಲಬಹುದು. ಹುಟ್ಟಿದ ಕೆಲವೇ ದಿನಕ್ಕೆ ಕಣ್ಣು ಊದಿ ಕೀವು ಸುರಿಯುತ್ತದೆ, ಚಿಕಿತ್ಸೆ ತಡವಾದರೆ ದೃಷ್ಟಿಯೇ ಹೋಗಬಹುದು. ಬಸುರಿಯರಿಗೂ ಕೊಡಬಹುದಾದ ಇಂಜೆಕ್ಷನ್ ಇದೆ, ಹೆದರಬೇಡ. ಕಿಬ್ಬೊಟ್ಟೆ ನೋವು, ಜ್ವರ, ರಕ್ತ ಅಥವಾ ನೀರು ಹೋಗುವುದು ಕಂಡರೆ ಮಾತ್ರ ಬೆಳಗಾಗುವವರೆಗೂ ಕಾಯಬೇಡ.
— ನಿವೃತ್ತ ನರ್ಸ್, ದಾವಣಗೆರೆ

ಅಕ್ಕಾ, ನಾನು ಮೆಡಿಕಲ್ ಶಾಪ್ ನಡೆಸುವವನು. ಪಕ್ಕದ ಗಿರಾಕಿ ಹೋಗುವವರೆಗೂ ಕಾದು, ಮೆಲ್ಲಗೆ ‘ಉರಿಗೆ ಏನಾದ್ರೂ ಕೊಡಿ’ ಅನ್ನುವವರನ್ನು ನೋಡುತ್ತಲೇ ಇರುತ್ತೇನೆ. ಹಿಂದೆಲ್ಲ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟರೆ ವಾಸಿಯಾಗುತ್ತಿತ್ತು. ಈಗ ಈ ಕ್ರಿಮಿ ಆ ಮಾತ್ರೆಗೆ ಬಗ್ಗುವುದಿಲ್ಲ. ಉರಿ ನಿಂತರೂ ರೋಗ ಒಳಗೇ ಇರಬಹುದು. ನಿಮ್ಮವರು ಏನು ನುಂಗಿದರೋ, ಆ ಸ್ಟ್ರಿಪ್ ಬಿಸಾಡಿಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಇಬ್ಬರೂ ಒಟ್ಟಿಗೇ ಚಿಕಿತ್ಸೆ ತೆಗೆದುಕೊಳ್ಳಿ, ಆಮೇಲೆ ಏಳು ದಿನ ಕೂಡಬೇಡಿ. ಒಬ್ಬರಿಗೆ ಮಾತ್ರ ಮಾಡಿಸಿದರೆ ಇನ್ನೊಬ್ಬರಿಂದ ಮತ್ತೆ ಅಂಟುತ್ತದೆ. ಒಮ್ಮೆ ಬಂದು ಹೋದರೆ ಇನ್ನು ಬರಲ್ಲ ಅನ್ನುವ ಕಾಯಿಲೆ ಇದಲ್ಲ. ಮೂರು ತಿಂಗಳಿಗೆ ಇಬ್ಬರೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.
— ಔಷಧಿ ಅಂಗಡಿಯವರು, ಹುಬ್ಬಳ್ಳಿ

ಲಾಡ್ಜ್ ಟಾಯ್ಲೆಟ್ಟಂತೆ! ಆ ಕ್ರಿಮಿ ಮೈಯಿಂದ ಹೊರಗೆ ಹೆಚ್ಚು ಹೊತ್ತು ಬದುಕುವುದೇ ಇಲ್ಲ. ಲೈಂಗಿಕ ಸಂಪರ್ಕದಿಂದಲೇ ಹರಡುವುದು. ಯೋನಿ, ಗುದ, ಬಾಯಿ, ಯಾವ ದಾರಿಯಾದರೂ ಸರಿ. ಗಂಟಲಿನಲ್ಲೂ ಕೂತಿರುತ್ತದೆ. ಬಟ್ಟಲು, ಟವೆಲ್‌ಗಳ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ. ನಿಮ್ಮ ಸಿಟ್ಟು ನ್ಯಾಯವೇ. ಆದರೆ ಯಾರಿಂದ ಬಂತು ಅನ್ನುವ ಪಂಚಾಯಿತಿ ಮುಗಿಯಲಿ ಅಂತ ಕಾಯುತ್ತಾ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ. ಜಗಳ ಇಂಜೆಕ್ಷನ್ ಆದಮೇಲೂ ಆಡಬಹುದು ಅಲ್ವಾ? ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ನಿಮ್ಮ ಗಂಡನಿಗೂ ಆಗಲಿ.
— ಹೆಸರು ಬೇಡ, ಮಂಡ್ಯ

ಬಸ್ ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗಕ್ಕೆ ಗ್ಯಾರಂಟಿ’ ಪೋಸ್ಟರ್ ನೋಡಿ ಎಲ್ಲಿಗೂ ಹೋಗಬೇಡಿ. ಜಿಲ್ಲಾಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಎಲ್ಲಿದೆ ಅಂತ ತಿಳಿಯಲು 1097ಕ್ಕೆ ಫೋನ್ ಮಾಡಿ, ಅದೂ ಉಚಿತ. ಹೇಳಲು ನಾಚಿಕೆಯಾದರೆ ಗಂಡನ ಲ್ಯಾಬ್ ಚೀಟಿ ಮುಂದಿಟ್ಟರೂ ಸಾಕು, ಡಾಕ್ಟರಿಗೆ ಅರ್ಥವಾಗುತ್ತದೆ.
— ಒಬ್ಬ ಓದುಗ, ಶಿವಮೊಗ್ಗ