ಪದ ಬೇಕು (ಅರ್ಜೆಂಟ್): ಟೀನೇಜ್ ಟ್ರ್ಯಾಜಿಡಿ ಸಾಂಗ್

ಎಲ್ಲರಿಗೂ ನಮಸ್ಕಾರ. ಶನಿವಾರ ನಾವು ನಾಲ್ಕೈದು ಗೆಳೆಯರು ಸೇರಿ ಹಳೆಯ ಅಮೆರಿಕನ್ ಹಾಡುಗಳನ್ನು ಕೇಳಿಸುತ್ತಿದ್ದೇವೆ, ಬ್ಯಾನರ್ ಸಂಜೆ 5ಕ್ಕೆ ಪ್ರಿಂಟಿಗೆ ಹೋಗಬೇಕು. ಹುಡುಗನೋ ಹುಡುಗಿಯೋ ಕಾರು, ಬೈಕು, ರೈಲಿಗೆ ಸಿಕ್ಕಿ ಸಾಯುವ ಹಾಡುಗಳಿವು. ಮಾರ್ಕ್ ಡಿನ್ನಿಂಗ್‌ನ ‘ಟೀನ್ ಏಂಜೆಲ್’ 1960ರಲ್ಲಿ ಅಲ್ಲಿ ನಂಬರ್ 1. ಕಾರು ರೈಲು ಹಳಿಯ ಮೇಲೆ ನಿಂತುಬಿಡುತ್ತದೆ, ಅವನು ಅವಳನ್ನು ಹೊರಗೆ ಎಳೆದು ತಂದರೂ ಅವನು ಕೊಟ್ಟ ಉಂಗುರಕ್ಕೆ ಅಂತ ಅವಳು ವಾಪಸ್ ಓಡುತ್ತಾಳೆ. ‘ಹದಿಹರೆಯದ ದುರಂತ ಗೀತೆಗಳು’ ಅಂತ ಬರೆದೆ. ಸರ್ಕಾರಿ ವರದಿ ಥರ ಕಾಣ್ತಿದೆ.

ಮರು:
ದುರಂತ, ಗೀತೆ ಎರಡೂ ಸಂಸ್ಕೃತ. ‘ಹರೆಯದ ಪಾಡು’ ಅನ್ನಿ, ಮುಗೀತು. ಹಾಡು ಹಳಗನ್ನಡದಲ್ಲಿ ಪಾಡು, ನಮ್ಮ ಗೋಳೂ ಪಾಡೇ. ಒಂದೇ ಪದದಲ್ಲಿ ಎರಡೂ ಕೂತಿವೆ.

ಮರು:
ಕೂತಿಲ್ಲ ಸ್ವಾಮಿ. ಗೋಳಿನ ಪಾಡು ಬಂದಿದ್ದು ಪಡು ಎಂಬುದರಿಂದ, ಕೆಡು-ಕೇಡು ಇದ್ದ ಹಾಗೆ. ಹಾಡುವ ಪಾಡು ಬೇರೆಯೇ ಧಾತು. ಹಾಡಿನದು ಹಕಾರಕ್ಕೆ ತಿರುಗಿತು, ‘ನನ್ನ ಪಾಡು ಯಾರಿಗೆ ಬೇಕು’ ಅನ್ನುವುದು ಪಕಾರದಲ್ಲೇ ಉಳಿಯಿತು. ಶ್ಲೇಷೆ ಬೇಕಾದರೆ ಮಾಡಿ, ವ್ಯುತ್ಪತ್ತಿ ಅನ್ನಬೇಡಿ. ಇನ್ನು ಹದಿಹರೆಯ ಅಂದರೆ ಹದಿಮೂರರಿಂದ ಹದಿನೆಂಟು. ಹತ್ತೊಂಬತ್ತರವರು ಸತ್ತರೆ ಯಾವ ಪದ?

ಮರು:
ಟ್ರ್ಯಾಜಿಡಿಗೆ ರುದ್ರನಾಟಕ ಅನ್ನುವುದು ನಮ್ಮಲ್ಲಿ ಹಳೆಯ ರೂಢಿ. ಅದೇ ದಾರಿಯಲ್ಲಿ ‘ರುದ್ರಗೀತೆ’?

ಮರು:
ಬೇಡ. ಪುರೋಹಿತರು ಚಮಕ ಎಲ್ಲಿ ಅಂತ ಕೇಳಿಕೊಂಡು ಬರ್ತಾರೆ.

ಮರು:
ಸುಮ್ನೆ ಪ್ಯಾಥೋ ಸಾಂಗ್ ಅನ್ನಿ. ಗಾಂಧಿನಗರದಲ್ಲಿ ಎಲ್ಲರೂ ಹಾಗೇ ಹೇಳೋದು. ‘ಪೇಥಾಸ್’ (ಶೋಕ) ಅನ್ನುವುದನ್ನು ಇಂಗ್ಲಿಷಿನವನಿಗೇ ಅರ್ಥ ಆಗದಷ್ಟು ಮೊಟಕು ಮಾಡಿ ನಮ್ಮದಾಗಿಸಿಕೊಂಡ ಪದ, ಅದಕ್ಕಿಂತ ಕನ್ನಡ ಇನ್ನೇನು ಬೇಕು? ಗ್ರಾಮಫೋನ್ ತಟ್ಟೆಗೂ ಪ್ಲೇಟು ಅಂತಲೇ ತಾನೇ ಅಂದದ್ದು. ಈ ಹಾಡುಗಳಿಗೆ ಅಮೆರಿಕದವರೇ ತಮಾಷೆಗೆ ‘ಸ್ಪ್ಲ್ಯಾಟರ್ ಪ್ಲ್ಯಾಟರ್’ (ರಕ್ತ ಚಿಮ್ಮುವ ತಟ್ಟೆ) ಅಂತಿದ್ದರು, ಬೇಕಾದರೆ ‘ಸಾವಿನ ಪ್ಲೇಟು’ ಅಂತ ಬರೆಸಿ.

ಮರು:
ಇದೇ ವಾದದಲ್ಲಿ ನಾಳೆ ಅಮ್ಮನೂ ಇಂಗ್ಲಿಷ್ ಆಗ್ತಾಳೆ. ಈ ಎಳೆಯಲ್ಲಿ ನಾನಿಲ್ಲ.

ಮರು:
ಜಗಳ ಆಮೇಲೆ ಆಡೋಣ, ಮೊದಲು ಹಾಡು ಕೇಳಿ. ‘ಲಾಸ್ಟ್ ಕಿಸ್’ ಅನ್ನುವುದು 1964ರಲ್ಲಿ ಜೆ. ಫ್ರಾಂಕ್ ವಿಲ್ಸನ್ ಹಾಡಿದಾಗ ಅಮೆರಿಕದಲ್ಲಿ ನಂಬರ್ 2. ಪರ್ಲ್ ಜಾಮ್ ತಂಡ ಅದನ್ನೇ ಹಾಡಿದಾಗ 1999, ಮತ್ತೆ ನಂಬರ್ 2! ಆ 35 ವರ್ಷದಲ್ಲಿ ಕಾರು ಬದಲಾಯಿತು, ಗಿಟಾರ್ ಬದಲಾಯಿತು, ಅಳು ಅದೇ. ಯಾಕೆಂದರೆ ಅಪಘಾತ ಅಲ್ಲಿ ಬರೀ ನೆಪ. ಹಾಡುವವನು ಬದುಕಿ ಉಳಿದವನು, ಸ್ಟೀರಿಂಗ್ ಅವನ ಕೈಯಲ್ಲೇ ಇತ್ತು. ‘ಲೀಡರ್ ಆಫ್ ದ ಪ್ಯಾಕ್’ (1964, ಶಾಂಗ್ರಿ-ಲಾಸ್) ಹಾಡಿನಲ್ಲೂ ಅಷ್ಟೇ. ಅಪ್ಪನ ಮಾತಿಗೆ ಅವಳು ಹುಡುಗನನ್ನು ಬಿಡುತ್ತಾಳೆ, ಅವನು ಬೈಕ್ ಹತ್ತಿ ಹೋಗಿ ಸಾಯುತ್ತಾನೆ, ಆ ಹೊರೆ ಅವಳ ಮೇಲೆ. ಹದಿನಾರರಲ್ಲಿ ನಮಗೆಲ್ಲ ಹಾಗೇ ಅನಿಸಿತ್ತು ಅಲ್ವಾ, ಎಲ್ಲಾ ತಪ್ಪೂ ನಮ್ಮದೇ ಅಂತ? ಹಾಗಾಗಿ ‘ಚರಮಗೀತೆ’ ಸರಿಹೋಗಲ್ಲ, ಅದರ ಕಣ್ಣು ಸತ್ತವರ ಮೇಲೆ. ‘ಉಳಿದವರ ಹಾಡು’ ಅನ್ನಿ.

ಮರು:
ಅದನ್ನು ಜನ ‘ಮಿಕ್ಕವರ ಹಾಡು’ ಅಂತ ಓದ್ತಾರೆ. ಮೊದಲ ಸಾಲು ಯಾರೋ ಹಾಡಿದರು, ಇನ್ನುಳಿದದ್ದು ಉಳಿದವರು.

ಮರು:
ಕೇಳಿದವನು ನಾನೇ. ಪ್ರಿಂಟಿನವರು ಎರಡು ಸಲ ಫೋನ್ ಮಾಡಿದರು. ‘ಹರೆಯದ ಸಾವು, ಉಳಿದವರ ಹಾಡು’ ಅಂತ ಎರಡು ಸಾಲಲ್ಲಿ ಕೊಟ್ಟೆ. ಪಕ್ಕಪಕ್ಕ ಬಂದರೆ ‘ಮಿಕ್ಕವರು’ ಅಂತ ಓದಲ್ಲ ಅನ್ಕೊಂಡಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಮರು:
ಹದಿ ಬಿಟ್ಟಿರಿ, ಸಂತೋಷ. ‘ಥ್ಯಾಂಕ್ಸ್’ಗೆ ಕನ್ನಡದಲ್ಲಿ ಏನು?