ಸಹಾಯ ಬೇಕು: ಮಾತ್ರೆ ನುಂಗಿದ ಮೇಲೆ ವಾಂತಿಯಾಯಿತು

ಅಕ್ಕಂದಿರೇ, ಹೆಸರು ಹಾಕದೆ ಬರೆಯುತ್ತಿದ್ದೇನೆ, ಕ್ಷಮಿಸಿ. ಶನಿವಾರ ರಾತ್ರಿ ಕಾಂಡೋಮ್ ಹರಿಯಿತು. ಮಗುವಿಗೆ ಇನ್ನೂ ಹನ್ನೊಂದು ತಿಂಗಳು. ಭಾನುವಾರ ಬೆಳಿಗ್ಗೆ ಗರ್ಭ ಕಟ್ಟದಂತೆ ತಡೆಯುವ ತುರ್ತು ಮಾತ್ರೆ (ಲೆವೊನಾರ್‌ಜೆಸ್ಟ್ರೆಲ್ 1.5 ಮಿಲಿಗ್ರಾಂ) ನುಂಗಿದೆ, ಗಂಟೆಯೊಳಗೆ ವಾಂತಿಯಾಯಿತು. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕೆಂದು ಆಶಾ ಕಾರ್ಯಕರ್ತೆ ಹೇಳಿದರು. ಆದರೆ ಅವರ ಬಳಿ ಮಾತ್ರೆ ಮುಗಿದಿದೆ. ಔಷಧ ಅಂಗಡಿಯಾತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಇಲ್ಲವೆಂದ. ಯಜಮಾನರನ್ನು ಕಳಿಸೋಣವೆಂದರೆ ಅವರಿಗೆ ನನಗಿಂತ ಹೆಚ್ಚು ನಾಚಿಕೆ! ಮಾತ್ರೆ ನುಂಗಲು ಇರುವ 72 ಗಂಟೆ ನಾಳೆ ರಾತ್ರಿಗೆ ಮುಗಿಯುತ್ತದೆ.

ಐದು ದಿನದೊಳಗೆ ಕಾಪರ್‌-ಟಿ (ಗರ್ಭಕೋಶದೊಳಗೆ ಇಡುವ ಸಣ್ಣ ಸಾಧನ) ಹಾಕಿಸಿದರೂ ಗರ್ಭ ಕಟ್ಟುವುದಿಲ್ಲವಂತೆ, ಮುಂದಕ್ಕೂ ಅದೇ ಸಾಕಂತೆ. ತೀರ್ಥಹಳ್ಳಿ, ಕೊಪ್ಪ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡವರು ಇದ್ದೀರಾ? ಯಾವ ದಿನ ಹೋಗಬೇಕು? ತುಂಬಾ ನೋಯುತ್ತದೆಯೇ? ಯಜಮಾನರ ಸಹಿ ಕೇಳುತ್ತಾರೆಯೇ?