ಎಡಗೈ ಕತ್ತಿ ಮತ್ತು ವಠಾರದ ಬಚ್ಚಲು

"ನೀನು ಬಿದ್ದದ್ದು ಕರಡಿ ಹೊಡೆದದ್ದಕ್ಕಲ್ಲ. ಬೋನಸ್ ಆಕ್ಷನ್ ಲೆಕ್ಕ ತಪ್ಪಿದ್ದಕ್ಕೆ," ಅಂದ ಲಾಯರ್, ಕೋಡುಬಳೆ ಮುರಿಯುತ್ತಾ.

ಈ ಲಾಯರ್ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಆಡಿಟ್ ಕೆಲಸ ಮಾಡುತ್ತಾನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಎಸೆದು ಕಥೆ ಕಟ್ಟುವ ಆಟ. ಅದನ್ನು ಆಡುವ ಕಡೆಯೆಲ್ಲ ರೂಲ್‌ಬುಕ್ ಬಾಯಿಪಾಠ ಮಾಡಿಕೊಂಡವನು ಒಬ್ಬ ಇರುತ್ತಾನಲ್ಲ, ನಮ್ಮಲ್ಲಿ ಇವನೇ. ಬೋನಸ್ ಆಕ್ಷನ್ ಅಂದರೆ ನಮ್ಮ ಸರದಿಯಲ್ಲಿ ಮುಖ್ಯ ಕೆಲಸದ ಜೊತೆ ಮಾಡಬಹುದಾದ ಇನ್ನೊಂದು ಸಣ್ಣ ಕೆಲಸ. ಆಟ ನಡೆಸುವ ಡಂಜನ್ ಮಾಸ್ಟರ್ ನಮ್ಮ ಬಾಯಲ್ಲಿ ಯಾವತ್ತೋ ಮೇಷ್ಟ್ರು ಆಗಿಬಿಟ್ಟಿದ್ದಾರೆ. ಇನ್ನು ಪುಟ್ಟಿ. ಅವಳು ಕ್ಲೆರಿಕ್, ಅಂದರೆ ನಾವು ಬಿದ್ದಾಗ ಎಬ್ಬಿಸುವವಳು. ಕಳೆದ ಭಾನುವಾರ ನನ್ನನ್ನು ಎಬ್ಬಿಸಿ ಎಬ್ಬಿಸಿ ಸುಸ್ತಾಗಿದ್ದಳು.

ನಡೆದದ್ದು ಇಷ್ಟು. ನನ್ನ ಪಾತ್ರ ಎರಡನೇ ಲೆವೆಲ್ ರೇಂಜರ್, ಅಂದರೆ ಕಾಡು ಸುತ್ತುವ ಬೇಟೆಗಾರ. ಸೊಂಟದಲ್ಲಿ ಎರಡು ಶಾರ್ಟ್‌ಸೋರ್ಡ್, ಮೈಯಲ್ಲಿ 20 ಹಿಟ್ ಪಾಯಿಂಟ್; ಅದು ಸೊನ್ನೆಯಾದರೆ ಬಿದ್ದೆ ಅಂತ. ಎದುರಿಗೆ ಔಲ್‌ಬೇರ್, ಗೂಬೆ ಮುಖದ ಕರಡಿ. ನಾನು ಗತ್ತಿನಿಂದ ಒಂದು ಕತ್ತಿ ಹಿರಿದೆ. ಇನ್ನೊಂದನ್ನೂ ಹಿರಿಯಲು ಹೋದರೆ ಲಾಯರ್ ಕೈ ಎತ್ತಿದ. "ಒಂದು ಸರದಿಗೆ ಪುಕ್ಕಟೆಯಾಗಿ ಒಂದೇ ಆಯುಧ ತೆಗೆಯಬಹುದು." ಸರಿ, ಹಾಳಾಗಿ ಹೋಗಲಿ ಅಂತ ಹಂಟರ್ಸ್ ಮಾರ್ಕ್ ಮಂತ್ರ ಹಾಕಿದೆ. ಗುರುತು ಬಿದ್ದ ಪ್ರಾಣಿಗೆ ನನ್ನ ಪ್ರತಿ ಏಟಿನ ಜೊತೆ ಇನ್ನೊಂದು ಆರು ಮುಖದ ಡೈಸ್ ಜಾಸ್ತಿ ಹೊಡೆತ. ಒಂದು ಕತ್ತಿಯಲ್ಲಿ ಬೀಸಿದೆ, ತಪ್ಪಿತು. ಆಮೇಲೆ ಕರಡಿ ಸರದಿ. ಕೊಕ್ಕಿಗೆ 10, ಉಗುರಿಗೆ 14. ಕೂಡಿಸುವ ಮೊದಲೇ ಮಲಗಿದ್ದೆ. ನನ್ನ ಪ್ರಜ್ಞೆಯ ಜೊತೆ ಗುರುತೂ ಹೋಯಿತು. ಎರಡನೇ ಕತ್ತಿ ಒರೆಯೊಳಗೆ ಹೊಸದಾಗಿಯೇ ಇತ್ತು.

"ಅಣ್ಣಾ, ಸುಮ್ನೆ ಬಿಲ್ಲು ಹಿಡಿ," ಅಂದಳು ಪುಟ್ಟಿ. "ಕಾಳಗದ ಪರಿಣತಿ ಅಂತ ಒಂದು ಸ್ಟೈಲ್ ಆರಿಸಬಹುದಲ್ಲ, ಆರ್ಚರಿ ಸ್ಟೈಲ್ ತಗೊಂಡರೆ ಗುರಿಗೆ +2. ದೂರ ನಿಂತು ಹೊಡಿ. ನನಗೂ ಸ್ವಲ್ಪ ಬಿಡುವು ಸಿಗುತ್ತೆ."

"ಬಿಲ್ಲು ಹಿಡಿಯೋದಕ್ಕೆ ನಾನು ರೇಂಜರ್ ಆದದ್ದಲ್ಲ."

ಮೇಷ್ಟ್ರು ನಕ್ಕರು. "ಇದು ಹಳೇ ಕಾಯಿಲೆ ಪುಟ್ಟಿ. 1988ರಲ್ಲಿ ಡ್ರಿಜ್ಟ್ ಅಂತ ಒಬ್ಬ ಕಪ್ಪು ಎಲ್ಫ್ ಕಾದಂಬರಿಯಲ್ಲಿ ಬಂದ, ಎರಡು ಕೈಯಲ್ಲಿ ಎರಡು ಸಿಮಿಟರ್, ಅಂದರೆ ಬಾಗಿದ ಕತ್ತಿ. ಮರುವರ್ಷ ಆಟದ ಎರಡನೇ ಆವೃತ್ತಿಯಲ್ಲಿ ರೇಂಜರ್‌ಗೆ ಜೋಡಿ ಕತ್ತಿ ಅಧಿಕೃತವಾಗಿಯೇ ಸಿಕ್ಕಿತು. ಅವತ್ತಿನಿಂದ ಪ್ರತಿ ಮೇಜಿನಲ್ಲೂ ಒಬ್ಬನಿಗೆ ಈ ಚಟ."

"2000ದ ಮೂರನೇ ಆವೃತ್ತಿಯಲ್ಲಿ ಏನೂ ಕಲಿಯದೆ ಎರಡು ಕತ್ತಿ ಹಿಡಿದರೆ ಬಲಗೈ ಗುರಿಗೆ ಮೈನಸ್ 6, ಎಡಗೈ ಗುರಿಗೆ ಮೈನಸ್ 10," ಅಂದ ಲಾಯರ್, ಊರಿನ ಬರಗಾಲ ನೆನೆಸಿಕೊಂಡವನ ಹಾಗೆ. "ಎಡಗೈ ಇತ್ತು, ಆದರೆ ಮಾತು ಕೇಳುತ್ತಿರಲಿಲ್ಲ."

"ಈಗ ಕೇಳುತ್ತೆ ಅಲ್ವಾ? ಮತ್ತೇನು ತೊಂದರೆ?"

ಲಾಯರ್ ಕೈ ಒರೆಸಿಕೊಂಡ. ಅವನು ಕೈ ಒರೆಸಿಕೊಂಡ ಅಂದರೆ ಅರ್ಧ ಗಂಟೆ ಹೋಯಿತು ಅಂತ ಅರ್ಥ.

"ನಾನು ಬೆಳೆದದ್ದು ವಠಾರದಲ್ಲಿ. ಆರು ಮನೆ, ಒಂದು ಬಚ್ಚಲು. ನಿನ್ನ ರೇಂಜರ್ ಇರುವುದೂ ಅಂಥದೇ ವಠಾರದಲ್ಲಿ. ಒಂದು ಸರದಿಗೆ ಬೋನಸ್ ಆಕ್ಷನ್ ಅನ್ನೋದು ಒಂದೇ. ಎಡಗೈ ಏಟಿಗೆ ಅದು ಬೇಕು. ಗುರುತು ಹಾಕಲಿಕ್ಕೆ ಅದು ಬೇಕು. ಗುರುತು ಹಾಕಿದ ಪ್ರಾಣಿ ಸತ್ತರೆ ಇನ್ನೊಂದರ ಮೇಲೆ ವರ್ಗ ಮಾಡಲಿಕ್ಕೂ ಅದೇ ಬೇಕು. ಚೊಂಬು ಹಿಡಿದು ಮೂರು ಜನ ಸಾಲಲ್ಲಿ ನಿಂತಿದ್ದಾರೆ."

"ಗಾಬ್ಲಿನ್ ಗುಂಪು ಸಿಕ್ಕಿದರೆ?"

"ಒಂದು ಸತ್ತರೆ ಮುಂದಿನ ಸರದಿಯಲ್ಲಿ ಗುರುತು ಬದಲಾಯಿಸುತ್ತೀಯ. ಇನ್ನೊಂದು ಸಾಯುತ್ತದೆ, ಮತ್ತೆ ಬದಲಾಯಿಸುತ್ತೀಯ. ಎಡಗೈ ಕತ್ತಿ ಬರೀ ಮೆರವಣಿಗೆಗೆ."

ನನಗೆ ಸ್ವಲ್ಪ ನೋವಾಯಿತು. ಪೆನ್ಸಿಲ್ ಎತ್ತಿಕೊಂಡೆ. "ಹಾಗಾದರೆ ಲೆಕ್ಕ ಹೇಳು."

"ನಿನ್ನ ಡೆಕ್ಸ್ಟೆರಿಟಿ, ಅಂದರೆ ಕೈಚಳಕ, 16. ಅದಕ್ಕೆ ಏಟಿಗೆ +3. ಬಲಗೈ ಶಾರ್ಟ್‌ಸೋರ್ಡ್ ತಾಗಿದರೆ ಸರಾಸರಿ ಆರೂವರೆ. ಎಡಗೈಗೆ ಆ +3 ಸೇರುವುದಿಲ್ಲ, ಬರೀ ಮೂರೂವರೆ. ಟೂ ವೆಪನ್ ಫೈಟಿಂಗ್ ಸ್ಟೈಲ್ ಇದ್ದರೆ ಅದೂ ಆರೂವರೆ. ನೀನು ಎರಡನೇ ಲೆವೆಲ್‌ನಲ್ಲಿ ಯಾವ ಸ್ಟೈಲ್ ತಗೊಂಡೆ?"

ನಾನು ಕೋಡುಬಳೆ ಡಬ್ಬಿ ಕಡೆ ನೋಡಿದೆ.

"ಡಿಫೆನ್ಸ್," ಅಂದಳು ಪುಟ್ಟಿ. ದ್ರೋಹಿ.

"ಎರಡು ಕತ್ತಿ ಇಟ್ಟುಕೊಂಡು ಡಿಫೆನ್ಸ್! ನೆನೆಯದಿರಲಿ ಅಂತ ರೇನ್‌ಕೋಟ್ ಹಾಕಿಕೊಂಡು ಸ್ನಾನಕ್ಕೆ ಹೋದ ಹಾಗೆ." ಲಾಯರ್‌ಗೆ ಬಚ್ಚಲು ಬಿಟ್ಟು ಹೊರಗೆ ಬರಲು ಆಗುತ್ತಿರಲಿಲ್ಲ. "ಸ್ಟೈಲ್ ಇದ್ದು, ಗುರುತು ಮೊದಲೇ ಬಿದ್ದಿದ್ದು, ಎರಡೂ ಏಟು ತಾಗಿದರೆ 20. ಅದೇ ಒಂದು ಕೈಯಲ್ಲಿ ರೇಪಿಯರ್ ಕತ್ತಿ, ಇನ್ನೊಂದರಲ್ಲಿ ಗುರಾಣಿ, ಒಂಟಿ ಕತ್ತಿಯ ಡ್ಯುಯಲಿಂಗ್ ಸ್ಟೈಲ್ ಇದ್ದವನು ಗುರುತಿನ ಜೊತೆ 13."

"ನೋಡಿದೆಯಾ! ಏಳು ಜಾಸ್ತಿ!"

"ಅವನ ಕೈಯಲ್ಲಿ ಗುರಾಣಿ ಇದೆ, ಆರ್ಮರ್ ಕ್ಲಾಸ್ +2. ಅದು ಜಾಸ್ತಿ ಇದ್ದಷ್ಟೂ ಏಟು ತಾಗೋದು ಕಷ್ಟ. ಮೊದಲನೇ ಸುತ್ತಿಗೇ ಮಲಗುವುದಿಲ್ಲ."

ನಾನು ಬಿಡಲಿಲ್ಲ. ಔಲ್‌ಬೇರ್ ಆರ್ಮರ್ ಕ್ಲಾಸ್ 13, ನನ್ನ ಗುರಿ +5. ಇಪ್ಪತ್ತು ಮುಖದ ಡೈಸ್‌ನಲ್ಲಿ 8 ಅಥವಾ ಮೇಲೆ ಬಿದ್ದರೆ ಸಾಕು, 65 ಪರ್ಸೆಂಟ್. ಎರಡು ಸಲ ಬೀಸಿದರೆ ಒಂದಾದರೂ ತಾಗುವುದು ಸುಮಾರು 88 ಪರ್ಸೆಂಟ್. ಮೂರನೇ ಲೆವೆಲ್‌ನಲ್ಲಿ ರೇಂಜರ್‌ಗಳ ಹಂಟರ್ ಅನ್ನುವ ಕವಲು ಹಿಡಿದರೆ ಕೊಲಾಸಸ್ ಸ್ಲೇಯರ್ ಅನ್ನುವ ಶಕ್ತಿ ಸಿಗುತ್ತದೆ. ಆಗಲೇ ಗಾಯವಾದ ಪ್ರಾಣಿಗೆ ಸರದಿಗೊಮ್ಮೆ ಎಂಟು ಮುಖದ ಇನ್ನೊಂದು ಡೈಸ್. ಅದನ್ನು ಕೂರಿಸಲು ಒಂದು ಅವಕಾಶಕ್ಕಿಂತ ಎರಡು ಮೇಲು. ಇದನ್ನು ಹೇಳಿದಾಗ ಲಾಯರ್ ಮೂರು ಸೆಕೆಂಡ್ ಸುಮ್ಮನಿದ್ದ. ನಮ್ಮ ಮೇಜಿನಲ್ಲಿ ಅದು ದಾಖಲೆ.

ಆಗ ಮೇಷ್ಟ್ರು ಬಾಯಿ ಬಿಟ್ಟರು. "ಜಗಳ ಯಾಕೆ? ನಾಳಿನಿಂದ 2024ರ ಹೊಸ ರೂಲ್‌ಬುಕ್, ಪ್ಲೇಯರ್ಸ್ ಹ್ಯಾಂಡ್‌ಬುಕ್‌ಗೆ ಹೋಗೋಣ. ನೀನೂ ಮೂರನೇ ಲೆವೆಲ್ ಆದೆ. ಸ್ಟೈಲೂ ಬದಲಾಯಿಸಿಕೋ, ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಅದರಲ್ಲಿ ನಿಕ್ ಅಂತ ಒಂದು ವರಸೆ ಇದೆ."

"ಎರಡನೇ ಬಚ್ಚಲು!" ಅಂತ ಕೂಗಿದ ಲಾಯರ್.

ಹೌದು, ಅಕ್ಷರಶಃ ಅದೇ. ನಿಕ್ ಇರುವ ಹಗುರ ಆಯುಧದ ಹೆಚ್ಚುವರಿ ಏಟಿಗೆ ಬೋನಸ್ ಆಕ್ಷನ್ ಬೇಕಿಲ್ಲ. ಅದು ಮುಖ್ಯ ದಾಳಿಯ ಒಳಗೇ ಬಂದುಬಿಡುತ್ತದೆ. ಪ್ರತಿ ಏಟಿಗೂ ಒಂದು ಆಯುಧ ಒರೆಯಿಂದ ತೆಗೆಯಬಹುದು. ಹಂಟರ್ಸ್ ಮಾರ್ಕ್ ಮೊದಲ ಲೆವೆಲ್‌ನಿಂದಲೇ ದಿನಕ್ಕೆ ಎರಡು ಸಲ ಬಿಟ್ಟಿ. ಶಾರ್ಟ್‌ಸೋರ್ಡ್‌ಗೆ ವೆಕ್ಸ್ ಅನ್ನುವ ವರಸೆ. ಅದು ತಾಗಿದರೆ ಅದೇ ಪ್ರಾಣಿಗೆ ಮುಂದಿನ ಏಟು ಹಾಕುವಾಗ ಡೈಸ್ ಎರಡು ಸಲ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಅಂದರೆ ಗುರುತು, ಬಲಗೈ, ಎಡಗೈ, ಎಲ್ಲ ಒಂದೇ ಸರದಿಯಲ್ಲಿ. ನನ್ನ ಕಣ್ಣಲ್ಲಿ ನೀರು ಬಂತು. ಕೋಡುಬಳೆ ಖಾರವೂ ಇತ್ತು ಅನ್ನಿ.

"ನಾಲ್ಕನೇ ಲೆವೆಲ್‌ಗೆ ಡ್ಯುಯಲ್ ವೀಲ್ಡರ್ ಅನ್ನೋ ಫೀಟ್, ಅಂದರೆ ವಿಶೇಷ ಕೌಶಲ, ತಗೊಂಡರೆ ಇನ್ನೂ ಒಂದು ಏಟು," ಅಂದ ಲಾಯರ್. "ಐದರಲ್ಲಿ ಎಕ್ಸ್ಟ್ರಾ ಅಟ್ಯಾಕ್ ಬಂದಾಗ ಒಟ್ಟು ನಾಲ್ಕು."

"ಆ ಇನ್ನೊಂದು ಏಟಿಗೆ ಏನು ಬೇಕು?"

"ಬೋನಸ್ ಆಕ್ಷನ್."

"ಅಂದರೆ ಎರಡನೇ ಬಚ್ಚಲು ಕಟ್ಟಿಸಿ, ಮೊದಲನೇದಕ್ಕೆ ಹೊಸ ಬಾಡಿಗೆದಾರ," ಅಂದಳು ಪುಟ್ಟಿ. ಅವಳು ಹುಟ್ಟಿದ್ದು ಅಪಾರ್ಟ್‌ಮೆಂಟಿನಲ್ಲಿ. ಆದರೂ ವಿಷಯ ಚೆನ್ನಾಗಿ ಹಿಡಿದಿದ್ದಳು. "ಆ ಗುರುತಿಗೆ ಏಕಾಗ್ರತೆ ಬೇಕು ತಾನೇ? ಏಟು ಬಿದ್ದಾಗಲೆಲ್ಲ ಅದನ್ನು ಉಳಿಸಿಕೊಳ್ಳೋಕೆ ಸೇವ್ ಅಂತ ಡೈಸ್ ಎಸೆಯಬೇಕು. ಅಣ್ಣ ಇರೋದು ಮುಂದಿನ ಸಾಲಲ್ಲಿ."

"13ನೇ ಲೆವೆಲ್‌ನಲ್ಲಿ ಏಟು ಬಿದ್ದರೂ ಹೋಗುವುದಿಲ್ಲ."

"20ರಲ್ಲಿ ಏನು ಸಿಗುತ್ತೆ?"

"ಗುರುತಿನ ಡೈಸ್ ಆರು ಮುಖದ್ದು ಹೋಗಿ ಹತ್ತು ಮುಖದ್ದು ಬರುತ್ತೆ."

ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮೂವತ್ತು ವರ್ಷ ಸರ್ವಿಸ್ ಮಾಡಿದವನಿಗೆ ಗೋಡೆ ಗಡಿಯಾರ ಕೊಟ್ಟು ಕಳಿಸಿದಾಗ ಆಗುವ ಮೌನ ಅದು.

ಒಂದೇ ತೊಡಕು ಉಳಿದಿತ್ತು. ನನ್ನ ಹತ್ತಿರ ಎರಡೂ ಶಾರ್ಟ್‌ಸೋರ್ಡ್. ನಿಕ್ ಇರುವುದು ಸಿಮಿಟರ್‌ಗೆ. ಅದಕ್ಕೆ 25 ಚಿನ್ನದ ನಾಣ್ಯ. ನನ್ನ ಚೀಲದಲ್ಲಿ ಮೂರು.

"ನಿಕ್ ಡ್ಯಾಗರ್‌ಗೂ ಇದೆ, ಎರಡೇ ನಾಣ್ಯ," ಅಂದ ಲಾಯರ್.

"ಡ್ಯಾಗರ್ ತರಕಾರಿ ಹೆಚ್ಚುವುದಕ್ಕೆ. ನನ್ನ ಲಾಂಗ್‌ಬೋ ಮಾರುತ್ತೇನೆ. 50ರದ್ದು, ಅರ್ಧ ಬೆಲೆಗೆ 25. ಸರಿಹೋಯಿತು."

"ಅಣ್ಣಾ, ಬೇಡ," ಅಂದಳು ಪುಟ್ಟಿ.

ಮಾರಿದೆ. ಮೇಷ್ಟ್ರು ಬಹಳ ಪ್ರೀತಿಯಿಂದ ಅಂಗಡಿಯವನಾಗಿ ಬಿಲ್ಲು ತಗೊಂಡು ಸಿಮಿಟರ್ ಕೊಟ್ಟರು. ಅಷ್ಟು ಪ್ರೀತಿ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ಭಾನುವಾರ. "ಕಣಿವೆ ದಾಟುತ್ತಿದ್ದೀರಿ," ಅಂದರು ಮೇಷ್ಟ್ರು. "ತಲೆ ಮೇಲೆ ನೆರಳು. ಮ್ಯಾಂಟಿಕೋರ್, ರೆಕ್ಕೆ ಇರುವ ಸಿಂಹ. 80 ಅಡಿ ಮೇಲೆ ಹಾರುತ್ತಿದೆ. ಅದರ ಬಾಲದ ಮುಳ್ಳು 100 ಅಡಿವರೆಗೆ ಸಲೀಸಾಗಿ ಬರುತ್ತದೆ. ನಿನ್ನ ಸರದಿ."

"ಕತ್ತಿ ಎಸೆಯಬಹುದಾ?"

ಲಾಯರ್ ಪುಸ್ತಕ ತೆಗೆಯಲೇ ಇಲ್ಲ. "ಹೆಚ್ಚೆಂದರೆ 60 ಅಡಿ."

"ಹಂಟರ್ಸ್ ಮಾರ್ಕ್?"

"90. ಅದು ಮುಟ್ಟುತ್ತೆ."

"ಹಾಗಾದರೆ ಗುರುತು ಹಾಕಿದೆ."

"ಹಾಕಿ?" ಅಂದರು ಮೇಷ್ಟ್ರು.

"ಎರಡೂ ಕತ್ತಿ ಹಿರಿದು ನಿಲ್ಲುತ್ತೇನೆ. ಅದು ಇಳಿದು ಬರಲಿ."

ಪುಟ್ಟಿ ಆಗಲೇ ಗಾಯ ವಾಸಿ ಮಾಡುವ ಡೈಸ್ ಕೈಯಲ್ಲಿ ಕುಲುಕುತ್ತಿದ್ದಳು.